ಮುಖ ಗೊತ್ತು, ಹೆಸರು ಹೊಳೆಯುತ್ತಿಲ್ಲ: ಗುರುತು ಹಿಡಿಯುವ ಕೆಲಸ ಮೆದುಳಿನ ಅಲೆಗಳಲ್ಲಿ ಹೇಗೆ ಕಾಣುತ್ತದೆ

ಎದುರಿಗೆ ಬಂದವರನ್ನು ಎಲ್ಲೋ ನೋಡಿದ್ದೇವೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಎಲ್ಲಿ, ಯಾವಾಗ, ಇವರು ಯಾರು ಎಂದರೆ ಮಾತ್ರ ಏನೂ ಹೊಳೆಯುವುದಿಲ್ಲ. ಹೀಗಾದಾಗ ನೆನಪಿನ ಶಕ್ತಿ ಕುಂದಿತೇನೋ ಎಂದು ಗಾಬರಿಯಾಗುವವರೇ ಹೆಚ್ಚು. ಆದರೆ ನೆನಪಿನ ಒಂದು ಕೆಲಸ ಇಲ್ಲಿ ಸರಿಯಾಗಿಯೇ ನಡೆದಿದೆ, ಇನ್ನೊಂದು ನಡೆದಿಲ್ಲ. ‘ಇದು ಕಂಡದ್ದೇ’ ಎಂಬ ಪರಿಚಯಭಾವ ಒಂದು. ‘ಇಂಥ ಕಡೆ, ಇಂಥವರ ಜೊತೆ ಕಂಡದ್ದು’ ಎಂದು ಸಂದರ್ಭವನ್ನು ಮರಳಿ ತರುವ ಸ್ಮರಣೆ ಇನ್ನೊಂದು. ಮನಶ್ಶಾಸ್ತ್ರಜ್ಞ ಜಾರ್ಜ್ ಮ್ಯಾಂಡ್ಲರ್ 1980ರಲ್ಲಿ ಈ ಎರಡನ್ನೂ ಸ್ಪಷ್ಟವಾಗಿ ಬಿಡಿಸಿಟ್ಟರು. ಇವು ನಿಜಕ್ಕೂ ಎರಡೋ, ಇಲ್ಲವೇ ಒಂದೇ ನೆನಪಿನ ಬಲಹೀನ ಮತ್ತು ಬಲಿಷ್ಠ ರೂಪಗಳೋ ಎಂಬ ವಾದ ಇಂದಿಗೂ ನಿಂತಿಲ್ಲ. ಜನ ಕೊಟ್ಟ ಸರಿ-ತಪ್ಪು ಉತ್ತರಗಳನ್ನಷ್ಟೇ ಎಣಿಸಿ ಇದನ್ನು ತೀರ್ಮಾನಿಸುವುದು ಕಷ್ಟ. ಮೆದುಳಿನ ವಿದ್ಯುತ್ತನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ನೋಡಿದರೆ ಮಾತ್ರ ಎರಡೂ ಬೇರೆ ಬೇರೆ ಹೊತ್ತಿನಲ್ಲಿ, ನೆತ್ತಿಯ ಬೇರೆ ಬೇರೆ ಜಾಗದಲ್ಲಿ ಕಾಣಿಸಿಕೊಳ್ಳುತ್ತವೆ. ಹೀಗೆ ನೋಡಲು ಬಳಸುವ ಸಾಧನವೇ ಇಇಜಿ (ಎಲೆಕ್ಟ್ರೋಎನ್ಸೆಫಲೋಗ್ರಾಂ), ಅಂದರೆ ನೆತ್ತಿಯ ಮೇಲಿಟ್ಟ ಎಲೆಕ್ಟ್ರೋಡ್‌ಗಳಿಂದ ಮೆದುಳಿನ ವಿದ್ಯುತ್ತನ್ನು ದಾಖಲಿಸುವ ವಿಧಾನ.

ನೆತ್ತಿಯ ಮೇಲೆ ಸಿಗುವುದು ಏನು

ಜರ್ಮನಿಯ ಯೆನಾದಲ್ಲಿ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಅದನ್ನು ಪ್ರಕಟಿಸಲು ಅವರು 1929ರವರೆಗೆ ಕಾದರು. ಅವರು ಕಂಡದ್ದು ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಅಲೆ. ಕಣ್ಣು ಮುಚ್ಚಿ ಸುಮ್ಮನೆ ಕೂತಾಗ ಅದು ದೊಡ್ಡದಾಗುತ್ತಿತ್ತು, ಕಣ್ಣು ತೆರೆದೊಡನೆ ಕುಗ್ಗುತ್ತಿತ್ತು. ಅದೇ ಆಲ್ಫಾ.

ಈ ಅಲೆಗಳು ಒಂದೊಂದು ನರಕೋಶದ ಮಿಡಿತವಲ್ಲ. ನರಕೋಶವೊಂದು ಸಿಡಿಸುವ ಮಿಡಿತ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಷ್ಟು ಗಿಡ್ಡ ಸಂಕೇತಗಳು ಒಂದರ ಮೇಲೊಂದು ಕೂಡಿ ಬೆಳೆಯುವುದು ಅಪರೂಪ. ಇಇಜಿಯಲ್ಲಿ ಕಾಣುವುದು, ಒಂದು ಕೋಶದಿಂದ ಸಂದೇಶ ಪಡೆದ ಇನ್ನೊಂದು ಕೋಶದಲ್ಲಿ ಹತ್ತಾರು ಮಿಲಿಸೆಕೆಂಡು ಉಳಿಯುವ ನಿಧಾನದ ವೋಲ್ಟೇಜ್ ಬದಲಾವಣೆ. ಅದೂ ಮೆದುಳಿನ ಹೊರಪದರದಲ್ಲಿ ಮೇಲ್ಮೈಗೆ ಲಂಬವಾಗಿ, ಸಾಲಾಗಿ ನಿಂತಿರುವ ಪಿರಮಿಡ್ ಆಕಾರದ ಕೋಶಗಳದ್ದು. ಕೆಲವು ಚದರ ಸೆಂಟಿಮೀಟರ್ ಅಗಲದ ಜಾಗದಲ್ಲಿ ಇಂಥ ಲಕ್ಷಾಂತರ ಕೋಶಗಳು ಒಟ್ಟಿಗೆ ಏರಿಳಿದರೆ ಮಾತ್ರ ತಲೆಬುರುಡೆಯ ಹೊರಗೆ ಏನಾದರೂ ದಕ್ಕುತ್ತದೆ. ದಕ್ಕುವುದೂ 10ರಿಂದ 100 ಮೈಕ್ರೋವೋಲ್ಟ್ (ವೋಲ್ಟಿನ ಹತ್ತು ಲಕ್ಷದ ಒಂದು ಪಾಲು) ಅಷ್ಟೆ. ಬುರುಡೆಯ ಮೂಳೆ ವಿದ್ಯುತ್ತನ್ನು ಸುಲಭವಾಗಿ ಹಾಯಗೊಡುವುದಿಲ್ಲವಾದ್ದರಿಂದ ಸಂಕೇತ ಹರಡಿಕೊಂಡು, ಮಸುಕಾಗಿ ಹೊರಬರುತ್ತದೆ.

ಇದರಿಂದ ಒಂದು ಮಿತಿ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸ ನೆನಪು ಕಟ್ಟುವಲ್ಲಿ ಮುಖ್ಯ ಪಾತ್ರ ವಹಿಸುವ ಹಿಪೊಕ್ಯಾಂಪಸ್ ಮೆದುಳಿನ ಆಳದಲ್ಲಿ ಸುರುಳಿಯಾಗಿ ಮಲಗಿದೆ. ಅದರ ಕೋಶಗಳ ವಿದ್ಯುತ್ ಕ್ಷೇತ್ರಗಳು ಬಹುಪಾಲು ಒಂದನ್ನೊಂದು ರದ್ದುಮಾಡಿಕೊಳ್ಳುತ್ತವೆ. ಹಾಗಾಗಿ ನೆತ್ತಿಯ ಇಇಜಿಯಲ್ಲಿ ‘ಹಿಪೊಕ್ಯಾಂಪಸ್‌ನ ಅಲೆ’ ನೇರವಾಗಿ ಸಿಗುವುದಿಲ್ಲವೆಂದೇ ಇಟ್ಟುಕೊಳ್ಳಬೇಕು. ಅದರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಪ್ರಾಣಿಗಳ ಅಧ್ಯಯನಗಳಿಂದ ಬಂದದ್ದು. ಉಳಿದದ್ದು ಅಪಸ್ಮಾರದ ಶಸ್ತ್ರಚಿಕಿತ್ಸೆಗಾಗಿ ಮೆದುಳಿನ ಒಳಗೇ ಎಲೆಕ್ಟ್ರೋಡ್ ಇರಿಸಿಕೊಂಡ ರೋಗಿಗಳಿಂದ ತಿಳಿದದ್ದು.

ಅಲೆಗಳನ್ನು ವೇಗದ ಮೇಲೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತವೆ (ಹರ್ಟ್ಸ್) ಎಂಬುದರ ಮೇಲೆ, ವಿಂಗಡಿಸುವುದು ರೂಢಿ: ಡೆಲ್ಟಾ 4 ಹರ್ಟ್ಸ್‌ಗಿಂತ ಕಡಿಮೆ, ಥೀಟಾ 4ರಿಂದ 8, ಆಲ್ಫಾ 8ರಿಂದ 13, ಬೀಟಾ 13ರಿಂದ 30, ಅದರಾಚೆ ಗಾಮಾ. ಇವು ಪಟ್ಟಿಗಳ ಹೆಸರುಗಳೇ ಹೊರತು ಮನಸ್ಸಿನ ಸ್ಥಿತಿಗಳ ಹೆಸರುಗಳಲ್ಲ. ‘ಆಲ್ಫಾ ಬಂದರೆ ಏಕಾಗ್ರತೆ, ಥೀಟಾ ಬಂದರೆ ಸೃಜನಶೀಲತೆ’ ಎಂಬ ಮಾತುಗಳಿಗೆ ಬೆಲೆ ಕೊಡಬೇಕಾಗಿಲ್ಲ. ಒಂದೇ ಕ್ಷಣದಲ್ಲಿ ಎಲ್ಲ ವೇಗಗಳೂ ಇರುತ್ತವೆ. ತೂಕಡಿಸುವವನಲ್ಲೂ ಲೆಕ್ಕ ಮಾಡುವವನಲ್ಲೂ ಥೀಟಾ ಏರಬಹುದು, ಆದರೆ ನೆತ್ತಿಯ ಯಾವ ಜಾಗದಲ್ಲಿ ಏರಿತು ಎಂಬುದು ಬೇರೆ.

ಒಂದು ಚಿಕ್ಕ ಗಣಿತ

ಪದವೊಂದನ್ನು ಕಂಡು ‘ಇದು ಮೊದಲು ನೋಡಿದ್ದು’ ಎಂದು ಗುರುತಿಸಿದಾಗ ಇಇಜಿಯಲ್ಲಿ ಆಗುವ ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಮೈಕ್ರೋವೋಲ್ಟ್. ಹಿನ್ನೆಲೆಯ ಏರಿಳಿತ ಅದರ ಹತ್ತು ಪಟ್ಟು. ಒಂದೇ ಸಲದ ದಾಖಲೆಯನ್ನು ಎಷ್ಟು ದಿಟ್ಟಿಸಿದರೂ ಆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಒಂದೇ ಬಗೆಯ ಘಟನೆಯನ್ನು ಹಲವು ಸಲ ಮಾಡಿ, ಪ್ರತಿ ಸಲದ ದಾಖಲೆಯನ್ನೂ ಪದ ಕಾಣಿಸಿದ ಕ್ಷಣಕ್ಕೆ ಸರಿಹೊಂದಿಸಿ, ಸರಾಸರಿ ತೆಗೆಯುತ್ತಾರೆ. ಘಟನೆಗೆ ಸಂಬಂಧವಿಲ್ಲದ ಏರಿಳಿತಗಳು ಒಂದನ್ನೊಂದು ಅಳಿಸುತ್ತವೆ, ಸಂಬಂಧವಿರುವುದು ಉಳಿಯುತ್ತದೆ.

ಈ ಸಂಬಂಧವಿಲ್ಲದ ಏರಿಳಿತ, ಅಂದರೆ ಗದ್ದಲ, ಕುಗ್ಗುವುದು ಪ್ರಯತ್ನಗಳ ಸಂಖ್ಯೆಯ ವರ್ಗಮೂಲದ ಪ್ರಕಾರ. ಒಂದು ಸಲಕ್ಕೆ 20 ಮೈಕ್ರೋವೋಲ್ಟ್ ಗದ್ದಲವಿದ್ದರೆ 25 ಸಲದ ಸರಾಸರಿಯಲ್ಲಿ 4, 100 ಸಲದ ಸರಾಸರಿಯಲ್ಲಿ 2 ಉಳಿಯುತ್ತದೆ. ಗದ್ದಲವನ್ನು ಇನ್ನೂ ಅರ್ಧಕ್ಕೆ ಇಳಿಸಬೇಕೆಂದರೆ ಪ್ರಯತ್ನಗಳನ್ನು ನಾಲ್ಕು ಪಟ್ಟು ಮಾಡಬೇಕು, ಅಂದರೆ 400. ಅಷ್ಟು ಹೊತ್ತಿಗೆ ಕೂತವರಿಗೆ ನಿದ್ದೆ ಬಂದಿರುತ್ತದೆ. ಆದ್ದರಿಂದ ಒಬ್ಬರಿಂದ ಮಿತವಾದ ಸಂಖ್ಯೆಯ ಪ್ರಯತ್ನಗಳನ್ನು ಪಡೆದು, ಇಪ್ಪತ್ತು ಮೂವತ್ತು ಜನರ ಸರಾಸರಿಗಳನ್ನು ಒಟ್ಟಿಗೆ ಪರಿಶೀಲಿಸುತ್ತಾರೆ. ‘ಮೆದುಳು ಹಳೆಯದನ್ನು ಹೀಗೆ ಗುರುತಿಸುತ್ತದೆ’ ಎಂದು ಓದುವ ಬಹುತೇಕ ಸುದ್ದಿಗಳ ಹಿಂದೆ ಇರುವುದು ಇಂಥ ಗುಂಪಿನ ಸರಾಸರಿ. ಒಬ್ಬ ವ್ಯಕ್ತಿಯ ಒಂದು ಕ್ಷಣ ಅಲ್ಲಿ ಇರುವುದಿಲ್ಲ.

ಹಳೆಯದೋ, ಹೊಸದೋ

ಈ ಕ್ಷೇತ್ರದ ನಿತ್ಯದ ಪ್ರಯೋಗ ಹೀಗಿರುತ್ತದೆ. ತಲೆಗೆ 32 ಅಥವಾ 64 ಎಲೆಕ್ಟ್ರೋಡ್‌ಗಳ ಟೋಪಿ ಹಾಕುತ್ತಾರೆ. ಅವುಗಳ ಜಾಗ 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ ‘10-20’ ಪದ್ಧತಿಯ ವಿಸ್ತರಣೆಯಂತೆ ಗೊತ್ತಾಗಿರುತ್ತದೆ. ಮೂಗಿನ ಬುಡದಿಂದ ತಲೆಯ ಹಿಂಬದಿಯ ಉಬ್ಬಿನವರೆಗಿನ ಉದ್ದವನ್ನು ಅಳೆದು, ಅದರ ಶೇ. 10 ಮತ್ತು ಶೇ. 20ರ ಅಂತರಗಳಲ್ಲಿ ಗುರುತು ಹಾಕುವುದರಿಂದ ತಲೆ ಸಣ್ಣದಿರಲಿ ದೊಡ್ಡದಿರಲಿ ಜಾಗ ತಾಳೆಯಾಗುತ್ತದೆ. ಎಲೆಕ್ಟ್ರೋಡಿನ ಕೆಳಗೆ ವಾಹಕ ಜೆಲ್ ಹಾಕಿ, ಚರ್ಮವನ್ನು ಹಗುರವಾಗಿ ಉಜ್ಜಿ, ಸಂಪರ್ಕದ ತಡೆಯನ್ನು 5ರಿಂದ 10 ಕಿಲೋಓಮ್‌ಗೆ ಇಳಿಸುತ್ತಾರೆ. ಈಗಿನ ಕೆಲವು ಆಂಪ್ಲಿಫೈಯರ್‌ಗಳು ಇದಕ್ಕಿಂತ ಹೆಚ್ಚು ತಡೆಯನ್ನೂ ಸಹಿಸಿಕೊಳ್ಳುತ್ತವೆ. ಆದರೂ ಕೋಣೆ ಬಿಸಿಯಾಗಿದ್ದು ನೆತ್ತಿ ಬೆವತರೆ ಇಡೀ ದಾಖಲೆ ನಿಧಾನವಾಗಿ ತೇಲತೊಡಗುತ್ತದೆ, ಅದಕ್ಕೆ ಒಳ್ಳೆಯ ಯಂತ್ರವೂ ಮದ್ದಲ್ಲ.

ಮೊದಲ ಹಂತದಲ್ಲಿ, ಉದಾಹರಣೆಗೆ, 100 ಪದಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಅರ್ಧ ಪದಗಳು ಪರದೆಯ ಎಡಕ್ಕೆ, ಅರ್ಧ ಬಲಕ್ಕೆ. ‘ಇದು ಜೀವವಿರುವ ವಸ್ತುವೇ?’ ಎಂಬಂಥ ಪ್ರಶ್ನೆಯನ್ನೂ ಜೊತೆಗಿಡುತ್ತಾರೆ. ಅರ್ಥದ ಬಗ್ಗೆ ಯೋಚಿಸಿದ ಪದ ಅಕ್ಷರದ ಆಕಾರ ನೋಡಿ ಬಿಟ್ಟ ಪದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಆಮೇಲೆ ಕೆಲವು ನಿಮಿಷ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸುವಂಥ ಕೆಲಸ, ಮನಸ್ಸಿನಲ್ಲೇ ಪಟ್ಟಿ ಹೇಳಿಕೊಳ್ಳದಿರಲೆಂದು. ಮೂರನೆಯದು ಪರೀಕ್ಷೆ: ಹಳೆಯ 100 ಪದ, ಹೊಸ 100 ಪದ, ಕಲಸಿ. ಪರದೆಯ ನಡುವೆ ಒಂದು ಕೂಡು ಚಿಹ್ನೆ, ಅದೂ ಸ್ವಲ್ಪ ಹೆಚ್ಚುಕಡಿಮೆ ಅವಧಿಗೆ, ಮುಂದಿನ ಪದ ಬರುವ ಕ್ಷಣ ಊಹಿಸಲಾಗದಂತೆ. ಬಳಿಕ ಪದ. ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಕಾದು ಉತ್ತರ: ಹಳೆಯದೋ ಹೊಸದೋ? ಹಳೆಯದಾದರೆ ಎಡಕ್ಕಿತ್ತೋ ಬಲಕ್ಕಿತ್ತೋ? ತಡಮಾಡಿ ಉತ್ತರಿಸಲು ಹೇಳುವುದು, ಬೆರಳು ಆಡಿಸುವ ಸಿದ್ಧತೆಯ ಅಲೆ ನೆನಪಿನ ಅಲೆಯ ಮೇಲೆ ಬೀಳದಿರಲೆಂದು.

ಯಾವ ಪದಗಳು ಯಾರಿಗೆ ಹಳೆಯವು ಎಂಬುದನ್ನು ವ್ಯಕ್ತಿಯಿಂದ ವ್ಯಕ್ತಿಗೆ ಅದಲುಬದಲು ಮಾಡಲೇಬೇಕು. ಅಪರೂಪದ ಪದಗಳನ್ನು ಜನ ಹೆಚ್ಚು ಚೆನ್ನಾಗಿ ಗುರುತಿಸುತ್ತಾರೆ. ಹಳೆಯ ಪಟ್ಟಿಯಲ್ಲಿ ಅಂಥವೇ ಹೆಚ್ಚಿದ್ದರೆ ಗ್ರಾಫಿನಲ್ಲಿ ಕಾಣುವುದು ಪದಗಳ ಗುಣ, ನೆನಪಲ್ಲ.

ಉತ್ತರಗಳು ನಾಲ್ಕು ರಾಶಿಯಾಗುತ್ತವೆ: ಹಳೆಯದನ್ನು ಹಳೆಯದೆಂದದ್ದು, ಹಳೆಯದನ್ನು ಹೊಸದೆಂದದ್ದು, ಹೊಸದನ್ನು ಹೊಸದೆಂದದ್ದು, ಹೊಸದನ್ನು ಹಳೆಯದೆಂದದ್ದು. ‘ಶೇ. 95 ಹಳೆಯ ಪದಗಳನ್ನು ಗುರುತಿಸಿದ’ ಎಂಬ ಮಾತು ಒಂಟಿಯಾಗಿ ಏನೂ ಹೇಳುವುದಿಲ್ಲ. ಅವನು ಹೊಸ ಪದಗಳಲ್ಲೂ ಶೇ. 70ನ್ನು ಹಳೆಯದೆಂದಿದ್ದರೆ ಅವನ ವಿವೇಚನೆಯ ಅಳತೆ, ಅಂದರೆ ಡಿ-ಪ್ರೈಮ್, ಸುಮಾರು 1.1. ಶೇ. 80 ಸರಿಯಾಗಿ ಗುರುತಿಸಿ, ಶೇ. 20 ಮಾತ್ರ ತಪ್ಪಾಗಿ ಹಳೆಯದೆಂದವನದು ಸುಮಾರು 1.7. ಎರಡನೆಯವನ ನೆನಪೇ ಮೇಲು. ಮೊದಲನೆಯವನು ‘ಹಳೆಯದು’ ಎನ್ನಲು ಧಾರಾಳಿ, ಅಷ್ಟೆ.

ಈಗ ಗ್ರಾಫ್ ನೋಡೋಣ. ಪದ ಅಥವಾ ಚಿತ್ರ ಕಂಡ ಸುಮಾರು 100 ಮಿಲಿಸೆಕೆಂಡಿಗೆ ತಲೆಯ ಹಿಂಭಾಗದಲ್ಲಿ ನೋಟದ ಅಲೆ. ಮುಖವಾದರೆ ಸುಮಾರು 170 ಮಿಲಿಸೆಕೆಂಡಿಗೆ ಕಿವಿಯ ಹಿಂದಿನ ಭಾಗದಲ್ಲಿ, ಬಲಗಡೆ ಹೆಚ್ಚಾಗಿ, ಒಂದು ಋಣ (ಮೈನಸ್ ವೋಲ್ಟೇಜಿನ) ಅಲೆ. 1996ರಲ್ಲಿ ಶ್ಲೋಮೊ ಬೆಂಟಿನ್ ಮತ್ತು ಸಂಗಡಿಗರು ವಿವರಿಸಿದ ಎನ್170 ಇದು. ಇದು ಹೇಳುವುದು ಮುಖ್ಯವಾಗಿ ‘ಮುಖವೊಂದಿದೆ’ ಎಂದು. ಯಾರ ಮುಖ, ಪರಿಚಿತವೋ ಅಲ್ಲವೋ ಎಂಬುದು ಬಹುಪಾಲು ಆಮೇಲಿನ ಕೆಲಸ.

300ರಿಂದ 500 ಮಿಲಿಸೆಕೆಂಡಿನ ನಡುವೆ, ಹಣೆಯ ಮೇಲ್ಭಾಗದ ನಡುರೇಖೆಯ ಸುತ್ತ, ಹೊಸ ಪದಗಳ ಅಲೆ ಹೆಚ್ಚು ಋಣವಾಗಿಯೂ ಹಳೆಯವುಗಳದು ಕಡಿಮೆ ಋಣವಾಗಿಯೂ ಇರುತ್ತದೆ. ಇದನ್ನು ಪರಿಚಯಭಾವದ ಗುರುತೆಂದು ಹಲವರು ಓದುತ್ತಾರೆ. 500ರಿಂದ 800 ಮಿಲಿಸೆಕೆಂಡಿನಲ್ಲಿ ತಲೆಯ ಹಿಂದೆ, ಎಡ ಮೇಲ್ಭಾಗದಲ್ಲಿ ಹಳೆಯ ಪದಗಳಿಗೆ ಧನ ಅಲೆ ದೊಡ್ಡದಾಗುತ್ತದೆ. ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದನ್ನೂ ಸರಿಯಾಗಿ ಹೇಳಿದ ಪದಗಳಲ್ಲಿ ಇದು ಸ್ಪಷ್ಟ. ‘ಹಳೆಯದು ಹೌದು, ಎಲ್ಲಿತ್ತೋ ಗೊತ್ತಿಲ್ಲ’ ಎಂದ ಪದಗಳಲ್ಲಿ ಕುಗ್ಗುತ್ತದೆ.

ಎರಡನ್ನೂ ಬಿಡಿಸಿ ತೋರಿಸಿದ ಜಾಣ ಪ್ರಯೋಗವೊಂದನ್ನು ಟಿಮ್ ಕರನ್ 2000ರಲ್ಲಿ ಪ್ರಕಟಿಸಿದರು. ಕಲಿಕೆಯಲ್ಲಿ ಒಂದು ಪದ ಏಕವಚನದಲ್ಲಿ ಬಂದಿತ್ತೆನ್ನೋಣ. ಪರೀಕ್ಷೆಯಲ್ಲಿ ಅದೇ ಪದ ಬಹುವಚನದಲ್ಲಿ ಬರುತ್ತದೆ. ಸರಿಯುತ್ತರ ‘ಹೊಸದು’, ಆದರೆ ಪದ ತೀರಾ ಪರಿಚಿತ. ಮುಂಭಾಗದ ಅಲೆ ಇದನ್ನು ಹಳೆಯ ಪದದಂತೆಯೇ ಕಂಡಿತು. ಹಿಂಭಾಗದ ಅಲೆ ನಿಜವಾದ ಹಳೆಯ ಪದಕ್ಕೂ ಇದಕ್ಕೂ ವ್ಯತ್ಯಾಸ ತೋರಿಸಿತು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಚಿಕ್ಕಂದಿನಲ್ಲೇ ಹಿಪೊಕ್ಯಾಂಪಸ್‌ಗೆ ಹಾನಿಯಾದ ರೋಗಿಯೊಬ್ಬರದು. ಅವರಲ್ಲಿ ಪರಿಚಯಭಾವದ ಅಲೆ ಇತ್ತು, ಸಂದರ್ಭದ ಸ್ಮರಣೆಗೆ ಹೊಂದುವ ತಡವಾದ ಅಲೆ ಇರಲಿಲ್ಲ. ಎದುರಿಗೆ ಬಂದವರ ಮುಖ ಗೊತ್ತಿದ್ದೂ ಹೆಸರು ಬಾರದಿರುವುದಕ್ಕೆ ಇದಕ್ಕಿಂತ ನೇರವಾದ ವಿವರಣೆ ಸಿಗುವುದು ಕಷ್ಟ: ಮೊದಲ ಅರ್ಧ ಸೆಕೆಂಡಿನ ಕೆಲಸ ಮುಗಿದಿದೆ, ನಂತರದ ಕೆಲಸ ಕೈಕೊಟ್ಟಿದೆ.

ತಕರಾರುಗಳೂ ಇವೆ, ಅವು ಗಟ್ಟಿಯಾದವು. ಕೆನ್ ಪ್ಯಾಲರ್, ಜೋಯಲ್ ವಾಸ್ ಮೊದಲಾದವರು ಮುಂಭಾಗದ ಅಲೆ ಪರಿಚಯಭಾವದ್ದಲ್ಲ, ಅರ್ಥ ಎರಡನೇ ಸಲ ಸುಲಭವಾಗಿ ದಕ್ಕುವುದರ ಗುರುತು ಎನ್ನುತ್ತಾರೆ. 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಕಂಡುಹಿಡಿದ, ಅರ್ಥಕ್ಕೆ ಸ್ಪಂದಿಸುವ ಎನ್400 ಅಲೆಗೆ ಇದು ಹತ್ತಿರದ ನೆಂಟ ಎಂಬುದು ಅವರ ವಾದ. ಹೊತ್ತು ಒಂದೇ, ಜಾಗ ತುಸು ಬೇರೆ. ಪದಗಳನ್ನು ಬಿಟ್ಟು ಅರ್ಥವಿಲ್ಲದ ಆಕಾರಗಳನ್ನು ಬಳಸಿದಾಗ ಈ ಮುಂಭಾಗದ ಪರಿಣಾಮ ಸ್ಥಿರವಾಗಿ ಸಿಗದಿರುವುದು ಅವರ ಪರವಾದ ಸಾಕ್ಷ್ಯ. ಎರಡು ಹಂತಗಳಿವೆ ಎಂಬುದು ಇದರಿಂದ ಬೀಳುವುದಿಲ್ಲ. ಮೊದಲ ಹಂತಕ್ಕೆ ಯಾವ ಹೆಸರು ಎಂಬುದು ಮಾತ್ರ ಇನ್ನೂ ಬಾಕಿ.

ಎಲ್ಲಿ ಕೆಡುತ್ತದೆ

ಕಣ್ಣು ಮಿಟುಕಿಸಿದರೆ ಹಣೆಯ ಎಲೆಕ್ಟ್ರೋಡ್‌ಗಳಲ್ಲಿ 100 ಮೈಕ್ರೋವೋಲ್ಟ್‌ಗೂ ಮೀರಿದ ಅಲೆ ಏಳುತ್ತದೆ. ನಾವು ಹುಡುಕುವುದು ಅದರ ನೂರನೇ ಒಂದು ಪಾಲು. ಉತ್ತರ ಹೊಳೆದೊಡನೆ ಜನ ಕಣ್ಣು ಮಿಟುಕಿಸುವ ರೂಢಿ ಇದ್ದರಂತೂ ಮಿಟುಕೇ ‘ನೆನಪಿನ ಅಲೆ’ಯಾಗಿ ಕಂಡೀತು. ಅದನ್ನು ಗಣಿತದಿಂದ ಬೇರ್ಪಡಿಸುವ ವಿಧಾನಗಳಿವೆ, ಆದರೆ ಕಣ್ಣಿನ ಸುತ್ತ ಪ್ರತ್ಯೇಕ ಎಲೆಕ್ಟ್ರೋಡ್ ಇರಿಸಿದ್ದರೆ ಆ ಕೆಲಸ ಎಷ್ಟೋ ಹಗುರ.

ಬೇಡದ ವೇಗದ ಅಲೆಗಳನ್ನು ಸೋಸಿ ತೆಗೆಯುವ ಫಿಲ್ಟರ್ ಇನ್ನೊಂದು ಅಪಾಯ. ತೇಲುವಿಕೆಯನ್ನು ತೆಗೆಯಲೆಂದು 1 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಿದರೆ, 500-800ರ ನಿಧಾನದ ಅಲೆಯೂ ಕುಗ್ಗುತ್ತದೆ. ಅಷ್ಟೇ ಅಲ್ಲ, ಅದಕ್ಕೂ ಮೊದಲಿನ ಹೊತ್ತಿನಲ್ಲಿ, ನಿಜಕ್ಕೂ ಇಲ್ಲದ ಋಣ ಅಲೆಯೊಂದು ಹುಟ್ಟಿಕೊಳ್ಳಬಹುದು. 300-500ರ ಪರಿಣಾಮವೆಂದು ಸಂಭ್ರಮಿಸಿದ್ದು ಫಿಲ್ಟರಿನ ಸೃಷ್ಟಿಯಾಗಿರಬಹುದು. ನಿಧಾನದ ಅಲೆಗಳಿಗೆ 0.1 ಹರ್ಟ್ಸ್‌ನ ಸುತ್ತ ಇರುವುದೇ ಕ್ಷೇಮ. ಸಮಯದ ಗುರುತೂ ಹಾಗೆಯೇ: 60 ಹರ್ಟ್ಸ್ ಪರದೆ ಚಿತ್ರ ಬದಲಿಸುವುದು ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಕಂಪ್ಯೂಟರ್ ‘ತೋರಿಸಿದೆ’ ಎಂದ ಕ್ಷಣಕ್ಕೂ ಪರದೆ ನಿಜಕ್ಕೂ ಬೆಳಗಿದ ಕ್ಷಣಕ್ಕೂ ಒಂದೊಂದು ಸಲ ಒಂದೊಂದು ಅಂತರವಿದ್ದರೆ ಸರಾಸರಿ ಮಸುಕಾಗುತ್ತದೆ. ಪರದೆಯ ಮೂಲೆಗೆ ಬೆಳಕಿನ ಸಂವೇದಕ ಅಂಟಿಸಿ ಒಮ್ಮೆ ಅಳೆದರೆ ಗೊತ್ತಾಗಿಬಿಡುತ್ತದೆ.

ಗಾಮಾ ಅಲೆಗಳ ಕಥೆಯಂತೂ ಎಚ್ಚರಿಕೆಯ ಪಾಠ. ವಸ್ತುವೊಂದನ್ನು ಗುರುತಿಸಿದ 200-300 ಮಿಲಿಸೆಕೆಂಡಿಗೆ ಗಾಮಾ ಏರುತ್ತದೆ, ಬಿಡಿ ಬಿಡಿ ಲಕ್ಷಣಗಳನ್ನು ಮೆದುಳು ಒಂದಾಗಿ ಹೆಣೆಯುವ ಗುರುತು ಅದು ಎಂದು ವರ್ಷಗಟ್ಟಲೆ ನಂಬಲಾಗಿತ್ತು. 2008ರಲ್ಲಿ ಶ್ಲೋಮಿತ್ ಯುವಲ್-ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಕಣ್ಣಿನ ಚಲನೆಯನ್ನೂ ಜೊತೆಗೆ ಅಳೆದು ತೋರಿಸಿದರು: ಆ ಏರಿಕೆ, ದಿಟ್ಟಿಸಿ ನೋಡುವಾಗಲೂ ಕಣ್ಣು ಮಾಡುವ ಅತಿಸೂಕ್ಷ್ಮ ಜಿಗಿತಗಳ ಸ್ನಾಯುವಿದ್ಯುತ್ತಾಗಿತ್ತು. ಇದಕ್ಕೂ ಒಂದು ವರ್ಷ ಮೊದಲು, ಸ್ವಯಂಸೇವಕರ ಸ್ನಾಯುಗಳನ್ನು ಔಷಧಿಯಿಂದ ತಾತ್ಕಾಲಿಕವಾಗಿ ನಿಶ್ಚಲಗೊಳಿಸಿ ನಡೆಸಿದ ಅಧ್ಯಯನವೊಂದು, ನೆತ್ತಿಯಲ್ಲಿ 20 ಹರ್ಟ್ಸ್‌ಗಿಂತ ಮೇಲೆ ಕಾಣುವುದರಲ್ಲಿ ಸ್ನಾಯುಗಳ ಕಲಬೆರಕೆ ಬಹಳ ಎಂದು ತೋರಿಸಿತ್ತು. ಹಣೆಪಟ್ಟಿಯಂತೆ ಕಟ್ಟಿಕೊಳ್ಳುವ ಸಾಧನ ‘ನಿಮ್ಮ ಗಾಮಾ ಹೆಚ್ಚಿದೆ’ ಎಂದು ತೋರಿಸಿದರೆ, ಹುಬ್ಬು ಗಂಟಿಕ್ಕಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.

ನೆನಪು ಕಟ್ಟುವ ಹೊತ್ತು

ಕಲಿಕೆಯ ಹಂತದಲ್ಲೂ ಇಇಜಿ ದಾಖಲಿಸಿ, ಪರೀಕ್ಷೆ ಮುಗಿದ ಮೇಲೆ ಹಿಂದಿರುಗಿ ‘ಆಮೇಲೆ ನೆನಪಾದವು’, ‘ಆಮೇಲೆ ಮರೆತವು’ ಎಂದು ಎರಡು ರಾಶಿ ಮಾಡಬಹುದು. ನೆನಪಾಗಲಿದ್ದ ಪದಗಳಿಗೆ ಸುಮಾರು 400-800 ಮಿಲಿಸೆಕೆಂಡಿನಲ್ಲಿ ಧನ ಅಲೆ ದೊಡ್ಡದಿರುತ್ತದೆ. ಇನ್ನೂ ಸೋಜಿಗದ ಸಂಗತಿ, ಪದ ಪರದೆಗೆ ಬರುವ ಮೊದಲಿನ ಚಟುವಟಿಕೆಯೂ ಅದು ನೆನಪಾಗುವುದೋ ಇಲ್ಲವೋ ಎಂಬುದರ ಸುಳಿವು ಕೊಡುತ್ತದೆ. ಲೆನ್ ಆಟನ್ ಮತ್ತು ಸಂಗಡಿಗರು ಇದನ್ನು 2006ರಲ್ಲಿ ವರದಿ ಮಾಡಿದರು. ಮೆದುಳು ಸಿದ್ಧವಾಗಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

ಅಲೆಗಳ ವೇಗದ ಲೆಕ್ಕದಲ್ಲಿ ನೋಡಿದರೆ, ಚೆನ್ನಾಗಿ ಕಲಿತ ಕ್ಷಣಗಳಲ್ಲಿ ಆಲ್ಫಾ ಮತ್ತು ಬೀಟಾ ಸಾಮಾನ್ಯವಾಗಿ ಕುಗ್ಗುತ್ತವೆ. ಥೀಟಾ ಹಲವು ಅಧ್ಯಯನಗಳಲ್ಲಿ ಏರಿದೆ, ಕೆಲವಲ್ಲಿ ಇಳಿದೂ ಇದೆ. ಮೆದುಳಿನ ಒಳಗಿನ ಎಲೆಕ್ಟ್ರೋಡ್‌ಗಳಲ್ಲಿ ಥೀಟಾದ ಒಂದೊಂದು ಸುತ್ತಿನೊಳಗೆ ಗಾಮಾದ ಹಲವು ಸುತ್ತುಗಳು ಕೂತಿರುವುದು ಕಾಣುತ್ತದೆ. ಜಾನ್ ಲಿಸ್ಮನ್ ಮತ್ತು ಮಾರ್ಕೊ ಇಡಿಯಾರ್ಟ್ 1995ರಲ್ಲಿ ಇದರಿಂದ ಒಂದು ಊಹೆ ಕಟ್ಟಿದರು: ಒಂದೊಂದು ಗಾಮಾ ಸುತ್ತಿಗೆ ಒಂದೊಂದು ವಿಷಯ. 6 ಹರ್ಟ್ಸ್‌ನ ಥೀಟಾ ಸುತ್ತಿಗೆ ಸುಮಾರು 167 ಮಿಲಿಸೆಕೆಂಡು, 40 ಹರ್ಟ್ಸ್‌ನ ಗಾಮಾ ಸುತ್ತಿಗೆ 25. ಭಾಗಿಸಿದರೆ ಆರೇಳು. ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಡಬಹುದಾದ ಅಂಕಿಗಳ ಸಂಖ್ಯೆಗೆ ಇದು ಹತ್ತಿರ. ಸುಂದರವಾದ ಊಹೆ, ಪೂರಕ ಸಾಕ್ಷ್ಯಗಳೂ ಇವೆ. ಸಾಬೀತಾದ ಕಾರ್ಯವಿಧಾನವೆಂದು ಹೇಳುವುದು ಮಾತ್ರ ಅವಸರವಾದೀತು.

ಕಲಿತದ್ದು ಗಟ್ಟಿಯಾಗುವ ಕೆಲಸ ಗಾಢನಿದ್ದೆಯಲ್ಲೂ ನಡೆಯುತ್ತದೆ. ಸೆಕೆಂಡಿಗೆ ಒಂದಕ್ಕಿಂತ ನಿಧಾನದ ದೊಡ್ಡ ಅಲೆಯ ಏರಿನ ಹೊತ್ತಿಗೆ 11ರಿಂದ 16 ಹರ್ಟ್ಸ್‌ನ, ಅರ್ಧದಿಂದ ಎರಡು ಸೆಕೆಂಡಿನ ‘ನಿದ್ರಾ ಕದಿರು’ (ಸ್ಲೀಪ್ ಸ್ಪಿಂಡಲ್) ಎಂಬ ಅಲೆಗಳ ಗೊಂಚಲುಗಳು ಬರುತ್ತವೆ. ಅವುಗಳ ಒಳಗೆ ಹಿಪೊಕ್ಯಾಂಪಸ್‌ನ ಅತಿವೇಗದ ಕಂಪನಗಳು ಸೇರಿಕೊಳ್ಳುತ್ತವೆ. ಮೂರೂ ಹೊತ್ತು ತಪ್ಪದೆ ಕೂಡಿಬಂದರೆ ನೆನಪು ಚೆನ್ನಾಗಿ ಉಳಿಯುತ್ತದೆ ಎಂಬ ಅಧ್ಯಯನಗಳಿವೆ. ವಯಸ್ಸಾದಂತೆ ಈ ಹೊಂದಾಣಿಕೆ ಸಡಿಲವಾಗುತ್ತದೆ.

ಬಚ್ಚಿಟ್ಟ ನೆನಪನ್ನು ಓದಬಹುದೇ

1965ರಲ್ಲಿ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು ವರದಿ ಮಾಡಿದ ಪಿ300 ಎಂಬ ಅಲೆ, ಅಪರೂಪಕ್ಕೆ ಬರುವ, ಗಮನಕ್ಕೆ ಬೀಳುವ ವಸ್ತುವಿಗೆ ಏಳುತ್ತದೆ. ಇದನ್ನು ಅಪರಾಧ ತನಿಖೆಗೆ ಬಳಸುವ ವಿಧಾನವನ್ನು ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನುಯೆಲ್ ಡಾಂಚಿನ್ 1991ರಲ್ಲಿ ಪ್ರಕಟಿಸಿದರು. ಕದ್ದ ವಸ್ತು ಉಂಗುರ ಎಂದಿಟ್ಟುಕೊಳ್ಳಿ. ಸರ, ಬಳೆ, ಗಡಿಯಾರ, ಓಲೆ, ನಾಣ್ಯಗಳ ನಡುವೆ ‘ಉಂಗುರ’ ಎಂಬ ಪದ ಆರಕ್ಕೊಂದರಂತೆ ಮಿಂಚುತ್ತದೆ. ಏನೂ ತಿಳಿಯದವನಿಗೆ ಆರೂ ಒಂದೇ. ತಿಳಿದವನಿಗೆ ಉಂಗುರ ಎದ್ದು ಕಾಣುತ್ತದೆ, ಪಿ300 ದೊಡ್ಡದಾಗುತ್ತದೆ.

ಪ್ರಯೋಗಾಲಯದಲ್ಲಿ ಇದು ಕೆಲಸ ಮಾಡುತ್ತದೆ. ಆದರೆ ಅಪ್ರಸ್ತುತ ಪದಗಳು ಬಂದಾಗ ಗುಟ್ಟಾಗಿ ಕಾಲ್ಬೆರಳು ಅಲುಗಿಸುವಂಥ ಸರಳ ಉಪಾಯ ಹೇಳಿಕೊಟ್ಟರೆ ಆ ಪದಗಳಿಗೂ ಅರ್ಥ ಬಂದು, ಅವಕ್ಕೂ ಪಿ300 ಏಳುತ್ತದೆ. ಪೀಟರ್ ರೋಸೆನ್‌ಫೆಲ್ಡ್ ಅವರ ತಂಡ 2004ರಲ್ಲಿ ಹೀಗೆ ಪತ್ತೆಯ ಪ್ರಮಾಣವನ್ನು ಬಹಳ ತಗ್ಗಿಸಿ ತೋರಿಸಿತು. ಅದೇ ತಂಡ ಮುಂದೆ ಇಂಥ ಉಪಾಯಗಳನ್ನು ತಡೆದುಕೊಳ್ಳುವ ಹೊಸ ಕ್ರಮವನ್ನೂ ರೂಪಿಸಿತು. ಕ್ರಮ ಎಷ್ಟೇ ಸುಧಾರಿಸಲಿ, ಪಿ300 ಅಳೆಯುವುದು ಆ ವ್ಯಕ್ತಿಗೆ ಆ ಪದ ಎದ್ದು ಕಂಡಿತೇ ಎಂಬುದನ್ನು. ಉಂಗುರ ಕದ್ದವನಿಗೂ, ಕದಿಯುವುದನ್ನು ಕಂಡವನಿಗೂ, ಪತ್ರಿಕೆಯಲ್ಲಿ ಓದಿದವನಿಗೂ, ನಿನ್ನೆ ತನ್ನದೇ ಉಂಗುರ ಕಳೆದುಕೊಂಡವನಿಗೂ ಅದು ಎದ್ದು ಕಾಣಬಹುದು. ಇವರಲ್ಲಿ ಯಾರು ಯಾರೆಂಬುದನ್ನು ಬೇರೆ ಸಾಕ್ಷ್ಯಗಳೇ ಹೇಳಬೇಕು.